ಇಂಚರಳ ಎಡಗೈ

ಏಳನೆಯ ತಿಂಗಳಿಗೆ ನನ್ನ ಮಗಳು ಏನು ಕೊಟ್ಟರೂ ಬಲಗೈಯಲ್ಲೇ ತೆಗೆದುಕೊಳ್ಳುತ್ತಿದ್ದಳು. ನಮಗೆ ಅದು ಹೆಮ್ಮೆಯಾಗಿತ್ತು.

"ನೋಡವ್ವ, ಯಾರೂ ಯೋಳ್ಕೊಟ್ಟಿಲ್ಲ. ಎಂಗೆ ಬಲಗೈನೇ ಚಾಚ್ತಾಳೆ!" ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಎಡಗಡೆಯಿಂದ ಗಿಲಕಿ ಆಡಿಸಿದರೆ ಇಂಚರ ಇಡೀ ಮೈಯನ್ನೇ ತಿರುಗಿಸಿ, ಬಲಗೈಯನ್ನು ಎದೆಯ ಮೇಲಿಂದ ದಾಟಿಸಿ ಹಿಡಿಯುತ್ತಿದ್ದಳು. ಅದರ ವಿಡಿಯೊ ಮಾಡಿ ನಾನು ಅಣ್ಣನಿಗೆ ಕಳಿಸಿದ್ದೆ. ಈಗ ಅದನ್ನು ನೋಡಲು ನನ್ನಿಂದ ಆಗುವುದಿಲ್ಲ. ಎಲ್ಲವೂ ಅದರಲ್ಲಿದೆ. ಮುಷ್ಟಿ ಕಟ್ಟಿದ ಎಡಗೈ, ಮುಷ್ಟಿಯೊಳಗೆ ಸಿಕ್ಕಿಕೊಂಡ ಹೆಬ್ಬೆರಳು, ಹಿಂದಿನಿಂದ ಕೇಳಿಸುವ ನನ್ನ ನಗು.

ನಾವು ಚಂದಾಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ನನ್ನ ಗಂಡ ಮಂಜುನಾಥ, ಅತ್ತೆ ಮತ್ತು ಮಗಳು. ಮಂಜುನಾಥನದು ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಸರ್ಕ್ಯೂಟ್ ಬೋರ್ಡುಗಳ ಬೆಸುಗೆಯನ್ನು ಲೆನ್ಸಿನ ಕೆಳಗೆ ಪರೀಕ್ಷಿಸುತ್ತಿದ್ದೆ. ಕೂದಲೆಳೆಯಷ್ಟು ಬಿರುಕಿದ್ದರೂ ನನ್ನ ಕಣ್ಣಿಗೆ ಬೀಳುತ್ತಿತ್ತು. ನನಗೆ ತಾಯಿ ಇಲ್ಲ. ಆನೇಕಲ್ ಕಡೆಯ ಹಳ್ಳಿಯಿಂದ ಅತ್ತೆಯೇ ಬಂದು ಬಾಣಂತನ ಮಾಡಿದರು, ಮತ್ತೆ ಊರಿಗೆ ಹೋಗಲಿಲ್ಲ. ಮಗುವನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಕೈಕಾಲು ನೀವಿ ಎಳೆದು, ಬಿಸಿನೀರು ಎರೆಯುತ್ತಿದ್ದವರೂ ಅವರೇ.

"ಈ ಮುಷ್ಟಿ ಬಿಚ್ಚಲ್ಲ ಕಣವ್ವ ಇವ್ಳು. ಒಳ್ಗೆಲ್ಲಾ ಕೊಳೆ ಕೂತೈತೆ," ಎಂದು ಒಮ್ಮೆ ಹೇಳಿದ್ದರು. ನಾನು ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದೆ.

ಒಂಬತ್ತನೆಯ ತಿಂಗಳ ಲಸಿಕೆಗೆ ಹೋದಾಗ ಡಾಕ್ಟರು ಸುಮ್ಮನೆ ಆಡಿಸಲೆಂದು ತಮ್ಮ ಸ್ಟೆತಸ್ಕೋಪನ್ನು ಇಂಚರಳ ಮುಂದೆ ಹಿಡಿದರು. ಅವಳು ಬಲಗೈ ಚಾಚಿದಳು. ಅವರು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡು, ಸ್ಟೆತಸ್ಕೋಪನ್ನು ಇನ್ನಷ್ಟು ಹತ್ತಿರ ತಂದರು. ಎಡಗೈ ಏಳಲಿಲ್ಲ. ಅವಳು ಕತ್ತು ಮುಂದೆ ಮಾಡಿ ಬಾಯಿಯಲ್ಲಿ ಕಚ್ಚಿ ಹಿಡಿಯಲು ನೋಡಿದಳು.

"ಎಷ್ಟು ದಿನದಿಂದ ಹೀಗೆ?"

"ಮೊದಲಿಂದಾನೂ ಬಲಗೈ ಚುರುಕು ಸಾರ್."

ಅವರು ಪೆನ್ನು ಕೆಳಗಿಟ್ಟರು. "ನೋಡಮ್ಮ, ಒಂದು ವರ್ಷದೊಳಗಿನ ಮಗುಗೆ ಎಡ, ಬಲ ಅಂತ ಇರಬಾರದು. ಎರಡೂ ಕೈ ಒಂದೇ ಥರ ಆಡಿಸ್ಬೇಕು. ಇವಳ ಬಲಗೈ ಚುರುಕಲ್ಲ. ಎಡಗೈ ಕೆಲಸ ಮಾಡ್ತಿಲ್ಲ."

ಎಡಗೈ ಕೆಲಸ ಮಾಡುತ್ತಿಲ್ಲ.

ಎಂಆರ್‌ಐ ಮಾಡಿಸಲು ಬರೆದುಕೊಟ್ಟರು. ಅಲುಗಾಡದಿರಲೆಂದು ಔಷಧಿ ಕೊಟ್ಟು ಮಲಗಿಸಿದರು. ಒಳಗೆ ಎತ್ತಿಕೊಂಡು ಹೋಗುವಾಗ ಅವಳ ಬಲಗೈಯೂ ಎಡಗೈಯಷ್ಟೇ ಸತ್ತಂತೆ ನೇತಾಡುತ್ತಿತ್ತು. ನಾಲ್ಕು ದಿನದ ನಂತರ ಮಕ್ಕಳ ನರರೋಗದ ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಮೆದುಳಿನ ಬಲಭಾಗದಲ್ಲಿ ಹುಣಸೆಬೀಜದಂಥ ಒಂದು ಕಪ್ಪು ಜಾಗ. ಯಾವಾಗಲೋ ಒಮ್ಮೆ ಅಲ್ಲಿಗೆ ರಕ್ತ ಹರಿಯುವುದು ನಿಂತಿತ್ತು, ಅದು ಸ್ಟ್ರೋಕ್ ಎಂದರು.

ಮಂಜುನಾಥ ಆ ಚಿತ್ರಕ್ಕೆ ಬೆರಳು ತೋರಿಸಿ ಕೇಳಿದ. "ಲಕ್ವ ಹೊಡಿಯೋದು ವಯಸ್ಸಾದೋರ್ಗಲ್ವಾ ಮೇಡಂ?"

"ಹುಟ್ಟೋ ಮೊದಲು, ಇಲ್ಲ ಹುಟ್ಟೋ ಹೊತ್ತಲ್ಲೂ ಆಗುತ್ತೆ. ಯಾಕೆ ಅಂತ ಎಷ್ಟೋ ಸಲ ಗೊತ್ತಾಗಲ್ಲ. ಎಡಗೈ, ಎಡಗಾಲು ಎರಡರಲ್ಲೂ ಬಿಗಿ ಇದೆ. ಹೀಗೆ ಮೈಯ ಒಂದೇ ಪಕ್ಕ ಬಿಗಿಯೋದನ್ನ ನಾವು ಹೆಮಿಪ್ಲೀಜಿಯಾ ಅಂತೀವಿ. ಸೆರೆಬ್ರಲ್ ಪಾಲ್ಸಿಯಲ್ಲೇ ಒಂದು ಬಗೆ."

"ವಾಸಿಯಾಗುತ್ತಾ?"

"ಥೆರಪಿ ಬೇಗ ಶುರು ಮಾಡೋಣ," ಎಂದರು ಡಾಕ್ಟರ್. ಅದು ನಾವು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಆದರೆ ಅವರು ಬೇರೆ ಉತ್ತರ ಕೊಡುವುದಿಲ್ಲ ಎಂಬುದು ನಮಗಿಬ್ಬರಿಗೂ ಅರ್ಥವಾಯಿತು.

ಯಾಕೆ ಎಂಬುದಕ್ಕೆ ಕಾರಣ ಸಿಗದೆ ಹೋದರೆ ಮನಸ್ಸು ತಾನೇ ಒಂದು ಕಾರಣವನ್ನು ಹುಡುಕಿಕೊಂಡು ಬಂದು ಎದುರಿಗೆ ಇಡುತ್ತದೆ. ಬಸುರಿಯಾಗಿದ್ದಾಗ ನಾನು ಎಂಟನೆಯ ತಿಂಗಳವರೆಗೂ ಕೆಲಸಕ್ಕೆ ಹೋಗಿದ್ದೆ. ಕಂಪನಿಯ ಬಸ್ಸು ಹೊಸೂರು ರಸ್ತೆಯ ಹಂಪ್ ಹತ್ತಿ ಇಳಿದಾಗಲೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಯಾವುದೋ ಒಂದು ಹಂಪಿನಲ್ಲಿ ಆಯಿತೇನೋ ಎಂದು ಯೋಚಿಸುತ್ತಿದ್ದೆ. ಕಾರಣ ಗೊತ್ತಾಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ.

ಆ ವಾರದಿಂದ ಅತ್ತೆ ಮಗುವಿಗೆ ನೀರೆರೆಯುವುದನ್ನು ನಿಲ್ಲಿಸಿದರು.

"ಸೊಂಟ ಇಡ್ಕೊಂಡದೆ ಕಣವ್ವ. ನೀನೇ ಎರ್ಕೊ," ಎಂದರು. ಅದೇ ಸೊಂಟದಲ್ಲಿ ಎರಡು ಕೊಡ ನೀರು ಹೊತ್ತು ತರುತ್ತಿದ್ದರು. ಮೊಮ್ಮಗಳು ಅಂಗವಿಕಲೆ ಎಂದು ತಿಳಿದ ಕೂಡಲೇ ಮುಟ್ಟಲೂ ಬೇಡವಾಯಿತು ಎಂದುಕೊಂಡೆ. ಕೇಳಲಿಲ್ಲ. ಆದರೆ ಆಮೇಲೆ ಅವರ ಜೊತೆ ನಾನು ಆಡಿದ ಪ್ರತಿ ಮಾತಿನಲ್ಲೂ ಆ ಸಿಟ್ಟು ಇತ್ತು.

ಕೆಲಸ ಬಿಟ್ಟೆ. ವಾರಕ್ಕೆ ಮೂರು ದಿನ ಎಲೆಕ್ಟ್ರಾನಿಕ್ ಸಿಟಿಯ ಥೆರಪಿ ಸೆಂಟರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅಲ್ಲಿ ಇಂಚರಳನ್ನು ನೋಡಿಕೊಳ್ಳುತ್ತಿದ್ದವರು ರೂಪಾ ಮೇಡಂ. ನನಗಿಂತ ಚಿಕ್ಕವರು, ಮೆತ್ತಗಿನ ಮಾತು. ಕೈಯನ್ನು ಹೇಗೆ ಹಿಡಿಯಬೇಕು, ಭುಜವನ್ನು ಹೇಗೆ ಸಡಿಲಿಸಬೇಕು, ಯಾವ ಆಟಿಕೆ ಎಲ್ಲಿ ಇಡಬೇಕು, ಎಲ್ಲ ಹೇಳಿಕೊಟ್ಟರು. ನಾನು ಎಲ್ಲವನ್ನೂ ಬರೆದುಕೊಂಡೆ. ಅಡುಗೆಮನೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಎಂಟರಿಂದ ಒಂಬತ್ತು, ಕೈ. ಹನ್ನೊಂದರಿಂದ ಹನ್ನೆರಡು, ಕಾಲು. ಮೂರರಿಂದ ಐದು, ಮತ್ತೆ ಕೈ.

ಇಂಚರ ಅಂಬೆಗಾಲಿಡಲೇ ಇಲ್ಲ. ಕೂತಲ್ಲಿಂದಲೇ ಬಲಗೈ ಊರಿ, ಅಂಡು ತೆವಳಿಸಿಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು. ಕೆಳಗಿನ ಮನೆಯ ಮಗು ಇವಳಿಗಿಂತ ಹತ್ತು ದಿನ ಚಿಕ್ಕದು. ಅದು ಗೇಟು ಹಿಡಿದು ನಿಂತು, ಹಾಗೇ ಗೇಟು ಬಿಟ್ಟು ನಡೆದ ದಿನ ನಾನು ಆ ಕಡೆಯ ಕಿಟಕಿ ಮುಚ್ಚಿದೆ. ನಮ್ಮ ಮನೆಯಲ್ಲಿ ಆಟ ಎಂಬುದು ಉಳಿದಿರಲಿಲ್ಲ. ಚೆಂಡು ಕೊಟ್ಟರೆ ಅದು ಬೆರಳು ಬಿಚ್ಚಲು. ಬಲೂನು ಕೊಟ್ಟರೆ ತೋಳು ಎತ್ತಲು. ಅವಳು ನಕ್ಕರೂ ನಾನು ನೋಡುತ್ತಿದ್ದುದು ಎಡಗೈಯನ್ನೇ.

ಒಂದೂವರೆ ವರ್ಷವಾದಾಗ ರೂಪಾ ಮೇಡಂ ಹೊಸದೊಂದನ್ನು ಶುರು ಮಾಡಿದರು. ಬಲಗೈಗೆ ಮೆತ್ತನೆಯ ಬಟ್ಟೆಯ ಗ್ಲೌಸ್ ಹಾಕುವುದು, ಆಗ ಎಡಗೈ ಕೆಲಸ ಮಾಡಲೇಬೇಕಾಗುತ್ತದೆ. "ದಿನಕ್ಕೆ ಎರಡು ಗಂಟೆ ಸಾಕು ಮೇಡಂ. ಆಟ ಆಡಿಸ್ತಾ ಮಾಡಿ. ತುಂಬ ಅತ್ತರೆ ನಿಲ್ಸಿಬಿಡಿ," ಎಂದರು.

ನಾನು ನಿಲ್ಲಿಸಲಿಲ್ಲ. ಎರಡು ಗಂಟೆ ಮೂರಾಯಿತು, ನಾಲ್ಕಾಯಿತು. ಈ ವಯಸ್ಸು ಹೋದರೆ ಮತ್ತೆ ಬರುವುದಿಲ್ಲ ಎಂದು ಎಲ್ಲೋ ಓದಿದ್ದೆ. ಅದೊಂದು ಮಾತು ಬೆನ್ನ ಹಿಂದೆ ನಿಂತು ತಳ್ಳುತ್ತಿತ್ತು. ಗ್ಲೌಸ್ ನೋಡಿದ ತಕ್ಷಣ ಇಂಚರ ತೆವಳಿ ಅಜ್ಜಿಯ ಸೀರೆಯ ಹಿಂದೆ ಸೇರುತ್ತಿದ್ದಳು. ಸ್ವಲ್ಪ ದಿನಕ್ಕೆ ಗ್ಲೌಸ್ ಇಲ್ಲದಿದ್ದರೂ ನನ್ನನ್ನು ಕಂಡರೆ ಅದೇ ಮಾಡತೊಡಗಿದಳು. ಆಗ ಅವಳಿಗೆ ಮೂರು ಮಾತು ಬರುತ್ತಿತ್ತು. ಅಪ್ಪ. ಅಜ್ಜಿ. ಬೇಡ.

ಒಂದು ಮಧ್ಯಾಹ್ನ. ಮಂಜುನಾಥ ಶಿಫ್ಟಿನಲ್ಲಿದ್ದ. ಅತ್ತೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ನಾನು ಒಂದು ಬಟ್ಟಲಲ್ಲಿ ದಾಳಿಂಬೆ ಕಾಳು ಇಟ್ಟುಕೊಂಡು ಇಂಚರಳ ಎದುರು ಕೂತಿದ್ದೆ. ದಾಳಿಂಬೆ ಅವಳಿಗೆ ಪ್ರಾಣ. ಎಡಗೈಯಲ್ಲಿ ಒಂದೇ ಒಂದು ಕಾಳು ಮುಟ್ಟಿದರೆ ನಾನೇ ಬಾಯಿಗೆ ಹಾಕುತ್ತೇನೆ ಎಂದು ರಮಿಸಿದೆ. ಅವಳು ಅತ್ತಳು. ಕಾದೆ. ಬಲಗೈಯ ಗ್ಲೌಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಮತ್ತೆ ಹಾಕಿದೆ. ಅರ್ಧ ಗಂಟೆಯಾಗಿರಬೇಕು. ಕೊನೆಗೆ ಎಡಗೈ ಭುಜದಿಂದ ಒಮ್ಮೆಲೇ ಎದ್ದು, ಬಟ್ಟಲಿಗೆ ಬಡಿದು, ಕಾಳೆಲ್ಲ ನೆಲದ ಮೇಲೆ ಚೆಲ್ಲಿತು.

ನಾನು ಆ ಕೈಗೆ ಹೊಡೆದೆ.

ಜೋರಾಗಿಯೇ ಹೊಡೆದೆ. ಇಂಚರ ಅಳು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ. ತಪ್ಪು ಮಾಡಿದ್ದು ಅದು, ತಾನಲ್ಲ ಎಂಬಂತೆ ಆ ಕೈಯನ್ನೇ ನೋಡುತ್ತ ಕೂತಳು. ನಾನು ಎತ್ತಿಕೊಂಡೆ, ಮುದ್ದಿಸಿದೆ, ಬಾಯಿಗೆ ದಾಳಿಂಬೆ ಹಾಕಿದೆ. ಅಗಿದು ನುಂಗಿದಳು. ಅಷ್ಟೇ.

ನಾಲ್ಕೈದು ದಿನದ ನಂತರ ಅವಳು ಹಿಡಿಯಲು ಹೋದ ಚೆಂಡು ಜಾರಿತು. ಅವಳು ಗ್ಲೌಸ್ ಹಾಕಿದ ಬಲಗೈ ಎತ್ತಿ ತನ್ನ ಎಡಗೈಗೆ ಟಪ್ಪನೆ ಹೊಡೆದಳು. ಆಮೇಲೆ ನನ್ನ ಮುಖ ನೋಡಿದಳು. ಸರಿಯಾಗಿ ಮಾಡಿದೆನಾ ಎಂದು ಕೇಳುವಂತೆ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮಂಜುನಾಥನಿಗೂ. ಅವಳು ದಿನಕ್ಕೆ ಹತ್ತು ಸಲ, ಹದಿನೈದು ಸಲ ಹೊಡೆದುಕೊಳ್ಳತೊಡಗಿದಳು. ಲೋಟ ಜಾರಿದರೆ ಹೊಡೆತ. ಅಂಗಿಯ ತೋಳಿನಲ್ಲಿ ಬೆರಳು ಸಿಕ್ಕಿಕೊಂಡರೆ ಹೊಡೆತ. ಮೊಣಕೈ ಕೆಳಗೆ ಸಣ್ಣ ಸಣ್ಣ ಕೆಂಪು ಗುರುತುಗಳು ಬಿದ್ದಿದ್ದವು.

ರೂಪಾ ಮೇಡಂ ಅದನ್ನು ಸೆಂಟರಿನಲ್ಲಿ ನೋಡಿದರು. ಅವತ್ತು ಅತ್ತೆಯೂ ಬಂದಿದ್ದರು. ಮಗು ಬ್ಲಾಕ್ ಜೋಡಿಸಲಾಗದೆ ಎಡಗೈಗೆ ಹೊಡೆದುಕೊಂಡಿತು. ಒಮ್ಮೆ, ಇನ್ನೊಮ್ಮೆ. ರೂಪಾ ಮೇಡಂ ಅವಳ ಕೈ ಮೇಲೆ ತಮ್ಮ ಕೈ ಇಟ್ಟು ತಡೆದು, ನಮ್ಮ ಕಡೆ ತಿರುಗಿದರು.

"ಮನೇಲಿ ಯಾರಾದ್ರೂ ಈ ಕೈಗೆ ಹೊಡ್ದಿದ್ದೀರಾ?"

ನಾನು ಕೆಳಗೆ ಬಿದ್ದಿದ್ದ ಬ್ಲಾಕ್ ಎತ್ತಿ ಡಬ್ಬಿಗೆ ಹಾಕಿದೆ.

"ನಾನೇ ಮೇಡಮ್ಮೋರೆ," ಎಂದರು ಅತ್ತೆ. "ಒಂದ್ಕಿತ ಒಡ್ದೆ."

ನಾನು ಸುಮ್ಮನಿದ್ದೆ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ, ಆದರೆ ಸುಮ್ಮನಿದ್ದುದು ನಿಜ. ರೂಪಾ ಮೇಡಂ ಅತ್ತೆಗೆ ತಿಳಿಸಿ ಹೇಳತೊಡಗಿದರು. "ಹಂಗೆ ಮಾಡ್ಬಾರ್ದು ಅಜ್ಜಿ. ಆ ಕೈ ಕೆಟ್ಟದ್ದು ಅಂತ ಅವಳ ತಲೇಲಿ ಕೂತ್ರೆ, ಅದು ತನ್ನದೇ ಅಲ್ಲ ಅಂತ ಬಿಟ್ಟುಬಿಡ್ತಾಳೆ. ಆಮೇಲೆ ನಾವು ಏನು ಥೆರಪಿ ಮಾಡಿದ್ರೂ ಅಷ್ಟೇ." ಅರವತ್ತು ದಾಟಿದ ಅತ್ತೆ ಬೈಸಿಕೊಳ್ಳುವ ಶಾಲೆ ಹುಡುಗಿಯಂತೆ ತಲೆ ತಗ್ಗಿಸಿ ನಿಂತು, ಹೂಂ ಹೂಂ ಎನ್ನುತ್ತಿದ್ದರು.

ಹೊರಗೆ ಬಂದು ಮೇಲ್ಸೇತುವೆಯ ಕೆಳಗೆ ಬಸ್ಸಿಗೆ ನಿಂತೆವು. ಲಾರಿಗಳ ಸದ್ದಿನಲ್ಲಿ ಮಾತು ಕೇಳಿಸುವಂತಿರಲಿಲ್ಲ. ಅತ್ತೆಯ ಕಿವಿಯ ಹತ್ತಿರ ಬಾಗಿ ಕೇಳಿದೆ. "ಯಾಕತ್ತೆ ಹಂಗಂದ್ರಿ? ನೀವು ಯಾವತ್ತು ಹೊಡೆದ್ರಿ?"

"ಬಟ್ಟೆ ಒಣಾಕಿ ಇಳ್ದು ಬರೋವಾಗ ಬಾಗ್ಲಲ್ಲಿ ನಿಂತು ನೋಡ್ದೆ ಕಣವ್ವ. ನೀನು ಎತ್ತ ತಾಯಿ. ದಿನಾ ಅವ್ರ ಮುಂದೆ ನಿಂತ್ಕೋಬೇಕಾದೋಳು. ನಿನ್ನ ಎಸ್ರು ಕೆಡಬಾರ್ದು." ರಸ್ತೆ ನೋಡುತ್ತಲೇ ಮುಂದುವರಿಸಿದರು. "ಅಲ್ದೆ, ಎಲ್ಲಾ ಆಗಿದ್ದು ನನ್ನಿಂದ್ಲೇ ತಾನೆ."

"ಏನು?"

"ಎರೆಯೋವಾಗ ಆ ಕೈ ಎಳ್ದಿದ್ದೆ. ಎರಡ್ನೇ ತಿಂಗ್ಳಲ್ಲಿ. ಲಟಕ್ ಅಂತು. ಮಗು ಕಿಟಾರ್ ಅಂತ ಕಿರುಚ್ತು. ನಿಂಗೆ ಯೋಳ್ಲಿಲ್ಲ. ಅವತ್ತೇ ಕೈ ಓಯ್ತು ಕಣವ್ವ. ಅದ್ಕೇ ಮತ್ತೆ ಮುಟ್ಲಿಲ್ಲ ನಾನು. ಇನ್ನೊಂದು ಕೈನೂ ಆಳ್ಮಾಡ್ಬಿಟ್ರೆ ಅಂತ."

ಹೆಚ್ಚುಕಡಿಮೆ ಒಂದು ವರ್ಷ. ಅಷ್ಟು ದಿನ ಅವರು ಇದನ್ನು ಎದೆಯಲ್ಲಿಟ್ಟುಕೊಂಡು ನನ್ನ ಮೊನಚು ಮಾತುಗಳನ್ನೆಲ್ಲ ಕೇಳಿಸಿಕೊಂಡಿದ್ದರು. ತಮಗೆ ಅದು ಸಲ್ಲಬೇಕಾದದ್ದೇ ಎಂದುಕೊಂಡು.

ನಮ್ಮ ಬಸ್ಸು ಬಂತು. ಹತ್ತಲಿಲ್ಲ. ಇಂಚರಳನ್ನು ಸೊಂಟಕ್ಕೆ ಏರಿಸಿಕೊಂಡು, ಅತ್ತೆಯ ಕೈ ಹಿಡಿದುಕೊಂಡು ಮತ್ತೆ ಸೆಂಟರಿಗೆ ಹೋದೆ. ರೂಪಾ ಮೇಡಂ ಇನ್ನೊಂದು ಮಗುವಿನ ಜೊತೆಯಿದ್ದರು. ಮುಕ್ಕಾಲು ಗಂಟೆ ಕಾದೆವು. ಆ ಮುಕ್ಕಾಲು ಗಂಟೆಯಲ್ಲಿ ಎರಡು ಸಲ ಎದ್ದು ಹೋಗಿಬಿಡೋಣ ಅನ್ನಿಸಿತು. ಒಳಗೆ ಕರೆದಾಗ ಒಂದೇ ಉಸಿರಿನಲ್ಲಿ ಹೇಳಿದೆ.

"ಹೊಡೆದಿದ್ದು ಅತ್ತೆ ಅಲ್ಲ ಮೇಡಂ. ನಾನು. ಗ್ಲೌಸೂ ನಾಲ್ಕು ಗಂಟೆ ಹಾಕ್ತಿದ್ದೆ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಚಾಪೆಯ ಮೇಲೆ ಕೂತು, ನಮ್ಮನ್ನೂ ಕೂರಿಸಿದರು. ಆಮೇಲೆ ಅತ್ತೆಯ ವಿಷಯವನ್ನೂ ಹೇಳಿದೆ. ಅವರು ಇಂಚರಳ ಫೈಲು ತೆಗೆದು, ಎಂಆರ್‌ಐ ಚಿತ್ರದ ಆ ಕಪ್ಪು ಜಾಗವನ್ನು ಅತ್ತೆಗೆ ಬೆರಳಿಟ್ಟು ತೋರಿಸಿದರು.

"ಇದು ತಲೆ ಒಳಗೆ ಆಗಿರೋದು ಅಜ್ಜಿ. ನೀವು ಮಗುನ ಎತ್ಕೊಳ್ಳೋ ಮೊದಲೇ ಆಗಿಹೋಗಿತ್ತು. ಕೈ ಎಳೆದ್ರೆ ತಲೆ ಒಳಗೆ ಹೀಗಾಗಲ್ಲ."

ಅತ್ತೆ ಆ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಅರ್ಥವಾಯಿತೋ ಇಲ್ಲವೋ. "ನಂದಲ್ವಾ?" ಎಂದರು.

"ನಿಮ್ದಲ್ಲ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಇಂಚರ ತೆವಳಿಕೊಂಡು ಹೋಗಿ ಅವರ ಮೊಣಕಾಲಿಗೆ ಆತುಕೊಂಡಳು. ನಾನು ಅಲ್ಲೇ ಕೂತಿದ್ದೆ. ನನ್ನದನ್ನು ನಿಮ್ಮದಲ್ಲ ಎಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

"ಇನ್ನೊಂದು ತಿಂಗಳು ನೀವು ಗ್ಲೌಸ್ ಮುಟ್ಬೇಡಿ ಮೇಡಂ," ಎಂದರು ರೂಪಾ ಮೇಡಂ. "ಅವರಪ್ಪ ಮಾಡ್ಲಿ, ಒಂದೇ ಗಂಟೆ. ನೀವು ಬರೀ ಅಮ್ಮ ಆಗಿರಿ. ಅವಳು ಹೊಡ್ಕೊಂಡ್ರೆ ಬೈಬೇಡಿ. ಆ ಕೈನ ನಿಮ್ಮ ಕೈಯಲ್ಲಿ ಮುಚ್ಕೊಂಡು, ನೋವಾಗುತ್ತೆ ಅನ್ನಿ. ಸಾಕು."

ಅವತ್ತು ಸಂಜೆ ಮಂಜುನಾಥನಿಗೆ ಎಲ್ಲ ಹೇಳಿದೆ. ಅವನು ಎದ್ದು ಹೋಗಿ ಗೋಡೆಯ ಮೇಲಿನ ವೇಳಾಪಟ್ಟಿ ಹರಿದ. ಎರಡು ದಿನ ಊಟವನ್ನೂ ಅತ್ತೆಯ ಹತ್ತಿರವೇ ಕೇಳಿದ. ಮೂರನೆಯ ದಿನ ಶಿಫ್ಟಿಗೆ ಹೊರಡುವ ಮೊದಲು ಮಗಳ ಎದುರು ಕೂತು, ತನ್ನ ಕೈಗೂ ಒಂದು ಗ್ಲೌಸ್ ಹಾಕಿಕೊಂಡು ಅವಳಿಗೂ ಹಾಕಿದ. ಅವಳು ಅವನ ಗ್ಲೌಸ್ ನೋಡಿ ನಕ್ಕಳು. ನನಗೆ ಹೊಟ್ಟೆಯುರಿಯಿತು. ಹೌದು, ಹೊಟ್ಟೆಯುರಿಯೇ.

ಬರೀ ಅಮ್ಮನಾಗಿ ಏನು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ನಾನು ಕೋಣೆಗೆ ಬಂದರೆ ಇಂಚರ ಈಗಲೂ ಸರಿದು ಕೂರುತ್ತಿದ್ದಳು. ನಾನು ದೂರದಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಮತ್ತೆ ನೀರೆರೆಯಲು ಶುರು ಮಾಡಿದರು. ಮೊದಲ ದಿನ ಅವರು ಎರಡೂ ಕೈಯಲ್ಲಿ ಮಗುವನ್ನೇ ಹಿಡಿದುಕೊಂಡರು, ಚೆಂಬು ನಾನು ಹಿಡಿದೆ.

ಅವರೆಕಾಯಿ ಕಾಲ ಬಂತು. ಒಂದು ಬೆಳಿಗ್ಗೆ ಅತ್ತೆ ಮೊರದ ತುಂಬ ಕಾಯಿ ಹಾಕಿಕೊಂಡು ಬಿಡಿಸಲು ಕೂತಿದ್ದರು. ಪಕ್ಕದಲ್ಲಿ ನೆನೆದ ಕಾಳಿನ ಪಾತ್ರೆ. ನಾನು ಒಂದೊಂದೇ ಹಿತುಕಿ ಬೇಳೆ ತೆಗೆಯುತ್ತಿದ್ದೆ. ಒಂದು ಬೇಳೆ ಬೆರಳಿನಿಂದ ಪುಳಕ್ಕನೆ ಹಾರಿ ಅತ್ತೆಯ ಹಣೆಗೆ ಬಡಿಯಿತು. ಇಂಚರ ಕಿಲಕಿಲ ನಕ್ಕಳು. ಬೇಕೆಂದೇ ಇನ್ನೊಂದು ಹಾರಿಸಿದೆ. ಮತ್ತೆ ನಕ್ಕಳು. ತೆವಳಿಕೊಂಡು ಬಂದು ನನ್ನ ಎದುರಿಗೇ ಕೂತಳು. ಎಷ್ಟು ತಿಂಗಳ ಮೇಲೆ ತಾನಾಗಿ ಬಂದಿದ್ದಳೋ.

ಮೊರದಿಂದ ಒಂದು ಕಾಯಿ ಎತ್ತಿಕೊಂಡಳು. ಬಿಡಿಸಲು ಒಂದು ಕೈ ಸಾಲದು. ತೊಡೆಯ ಮೇಲಿಟ್ಟುಕೊಂಡಳು, ಜಾರಿತು. ಬಲಗೈ ಮೇಲೆದ್ದಿತು. ಹೊಡೆಯುತ್ತಾಳೆ ಎಂದು ನಾನು ಮುಂದೆ ಬಾಗಿದೆ. ಅವಳು ಹೊಡೆಯಲಿಲ್ಲ. ಕಾಯಿಯನ್ನು ಮತ್ತೆ ತೊಡೆಯ ಮೇಲಿಟ್ಟು, ಎಡಗೈಯ ಮಣಿಕಟ್ಟನ್ನು ಅದರ ಮೇಲೆ ಒತ್ತಿ ಹಿಡಿದು, ಬಲಗೈಯಲ್ಲಿ ತುದಿ ಎಳೆದಳು. ಕಾಯಿ ಸೀಳಿತು. ಎರಡು ಕಾಳು ಉರುಳಿದವು.

ಅತ್ತೆ ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ಇಬ್ಬರೂ ಏನೂ ಆಗಿಲ್ಲವೆಂಬಂತೆ ಕಾಯಿ ಬಿಡಿಸುತ್ತ ಕೂತೆವು. ಚಪ್ಪಾಳೆ ತಟ್ಟಿದರೆ ಅದೂ ಥೆರಪಿಯಾಗಿಬಿಡುತ್ತದೆ ಎಂಬ ಹೆದರಿಕೆ.

ಇಷ್ಟರಿಂದ ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಎರಡು ವರ್ಷ ಎರಡು ತಿಂಗಳಿಗೆ ಅವಳು ನಡೆದಳು. ಎಡಗಾಲಿನ ತುದಿಬೆರಳ ಮೇಲೆ, ವಾಲಿಕೊಂಡು. ಬಿದ್ದರೆ ಎಡಗೈ ಊರಲು ಬರುವುದಿಲ್ಲ. ಮುಖವೇ ನೆಲಕ್ಕೆ ಬಡಿಯುತ್ತದೆ. ತುಟಿಗೆ ಎರಡು ಸಲ ಹೊಲಿಗೆಯಾಗಿದೆ. ಪಾದ ನೇರ ನಿಲ್ಲಲೆಂದು ಕಾಲಿಗೆ ಕಟ್ಟುವ ಪ್ಲಾಸ್ಟಿಕ್ಕಿನ ಸ್ಪ್ಲಿಂಟ್ ಬಂತು. ಎರಡೂವರೆ ವರ್ಷಕ್ಕೆ ಒಂದು ಹಗಲು ಊಟ ಮಾಡುತ್ತಿದ್ದವಳ ಎಡಮೈ ಇದ್ದಕ್ಕಿದ್ದಂತೆ ಅದುರತೊಡಗಿತು. ಫಿಟ್ಸ್. ಮೆದುಳಿನ ಆ ಜಾಗದಿಂದಲೇ ಬರುತ್ತದೆ, ಮುಂದೆಯೂ ಬರಬಹುದು ಎಂದರು ಡಾಕ್ಟರ್. ಅಂದಿನಿಂದ ದಿನಕ್ಕೆ ಎರಡು ಹೊತ್ತು ಸಿರಪ್. ಅವಳು ತುತ್ತು ನುಂಗುವುದು ತಡವಾದರೆ ಸಾಕು, ಎಡಗೈ ಅದುರುತ್ತಿದೆಯೇ ಎಂದು ನೋಡುತ್ತೇನೆ.

"ಅಮ್ಮ" ಎಂದು ಅವಳು ಮೊದಲು ಕರೆದದ್ದು ನನಗೆ ಕೇಳಿಸಲೇ ಇಲ್ಲ. ನಾನು ಮಿಕ್ಸಿ ಹಾಕಿದ್ದೆ. ಕಿಟಕಿಯಲ್ಲಿ ಕಾಗೆ ಕೂತಿತ್ತಂತೆ, ಅದನ್ನು ತೋರಿಸಲು ಕರೆದಳಂತೆ. ಅತ್ತೆ ಬಂದು ಹೇಳಿದರು. ನಾನು ಹೋಗುವಷ್ಟರಲ್ಲಿ ಕಾಗೆ ಹಾರಿಹೋಗಿತ್ತು, ಅವಳು ಬೇರೇನೋ ಆಡುತ್ತಿದ್ದಳು.

ಈಗ ಅವಳಿಗೆ ಮೂರು ವರ್ಷ ನಾಲ್ಕು ತಿಂಗಳು. ಅಂಗನವಾಡಿಗೆ ಹೋಗುತ್ತಾಳೆ. ಕಳೆದ ವಾರ ಡಾಕ್ಟರ್ ಮತ್ತೆ ಪರೀಕ್ಷೆ ಮಾಡಿದರು. ಬುದ್ಧಿ ವಯಸ್ಸಿಗೆ ತಕ್ಕಂತಿದೆ, ಮಾತು ಚೆನ್ನಾಗಿದೆ ಎಂದರು. ಆಮೇಲೆ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು.

"ಬೆರಳು ಬಿಡಿಬಿಡಿಯಾಗಿ ಆಡೋದು ಕಷ್ಟ. ಇದು ಸಹಾಯದ ಕೈ ಆಗೇ ಇರುತ್ತೆ. ಒತ್ತಿ ಹಿಡ್ಕೊಳ್ಳೋಕೆ, ಆತು ಹಿಡ್ಕೊಳ್ಳೋಕೆ ಆಗುತ್ತೆ. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ."

ಬಸ್ಸಿನಲ್ಲಿ ಮಂಜುನಾಥ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ಚಂದಾಪುರ ಹತ್ತಿರ ಬಂದಾಗ, "ಡಾಕ್ಟರು ಮುಚ್ಚಿಡದೆ ಹೇಳಿದ್ರಲ್ಲ. ಈ ಕೈ ಇಷ್ಟೇ ಅಂತ ಬೇರೇವ್ರು ಹೇಳೋ ಮೊದ್ಲು ನಮ್ಗೇ ಗೊತ್ತಾಯ್ತು ಬಿಡು," ಎಂದ. ಅಷ್ಟರಲ್ಲಿ ಸ್ಟಾಪು ಬಂತು.

ಇವತ್ತು ಬೆಳಿಗ್ಗೆ ಚಳಿಯಿತ್ತು. ಅಂಗನವಾಡಿಗೆ ಹೊರಡುವ ಮೊದಲು ಇಂಚರ ಸ್ವೆಟರ್ ತಾನೇ ಹಾಕಿಕೊಳ್ಳುತ್ತೇನೆ ಎಂದು ಹಟ ಹಿಡಿದಳು. ಮೊದಲು ಎಡತೋಳು ಎಂದು ರೂಪಾ ಮೇಡಂ ಕಲಿಸಿದ್ದಾರೆ. ಬಲಗೈಯಲ್ಲಿ ತೋಳನ್ನು ಹಿಗ್ಗಿಸಿ ಹಿಡಿದು ಎಡಗೈಯನ್ನು ಒಳಗೆ ತೂರಿಸಿದಳು. ಅರ್ಧಕ್ಕೆ ನಿಂತಿತು. ಎಳೆದಳು, ಬರಲಿಲ್ಲ. ಮುಖ ಕೆಂಪಾಯಿತು. ಹೊತ್ತಾಗುತ್ತಿತ್ತು. ನನ್ನ ಕೈ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ.

ಅವಳು ತೋಳಿನೊಳಗೆ ಇಣುಕಿ ನೋಡಿದಳು.

"ಬಾ," ಎಂದಳು. ಆ ಕೈಗೆ. "ಬಾ, ಬಾ. ಏನಾಗಲ್ಲ."

ನಾನು ಮಂಚದ ತುದಿಯಲ್ಲಿ ಕೂತು ಕಾದೆ. ಬಹಳ ಹೊತ್ತಿನ ಮೇಲೆ ಬೆರಳ ತುದಿಗಳು ಹೊರಗೆ ಕಾಣಿಸಿದವು.